ಮೂರು ಮೂಲೆ ಗದ್ದೆ, ಮೂರು ಮಧ್ಯರೇಖೆ: ಎಳೆಯುವುದರಿಂದ ಸಾಧಿಸುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆ ನಾಲೆ ಪಕ್ಕದ ಗದ್ದೆಗಳೆಲ್ಲ ಚೌಕವಾಗಿ ಇರುವುದಿಲ್ಲ. ನಾಲೆ ತಿರುಗುವ ಜಾಗದಲ್ಲಿ, ರಸ್ತೆ ಓರೆಯಾಗಿ ಹಾದು ಹೋಗುವ ಜಾಗದಲ್ಲಿ ಮೂರು ಮೂಲೆಯ ತುಂಡುಗಳು ಉಳಿದುಬಿಡುತ್ತವೆ. ಅಂಥದ್ದೊಂದು ತುಂಡನ್ನು ಅಣ್ಣ ತಮ್ಮ ಇಬ್ಬರಿಗೆ ಸಮನಾಗಿ ಹಂಚಬೇಕು. ಬದು ಎಲ್ಲಿ ಹಾಕುತ್ತೀರಿ?

ಉತ್ತರ ಹೈಸ್ಕೂಲ್ ಗಣಿತದಲ್ಲೇ ಇದೆ. ಅದರ ಹೆಸರು ಮಧ್ಯರೇಖೆ, ಅಂದರೆ ಒಂದು ಮೂಲೆಯಿಂದ ಎದುರು ಬದಿಯ ನಡುವಿಗೆ ಎಳೆದ ಗೆರೆ. ಆದರೆ ಪಾಠದಲ್ಲಿ ಅದು ಚೂರು ಚೂರಾಗಿ ಬರುತ್ತದೆ. ವಿಸ್ತೀರ್ಣದ ಮಾತು ಒಂದು ಅಧ್ಯಾಯದಲ್ಲಿ, 2:1 ಅನುಪಾತ ಇನ್ನೊಂದರಲ್ಲಿ, ನಿರ್ದೇಶಾಂಕದ ಸೂತ್ರ ಮತ್ತೊಂದರಲ್ಲಿ. ಮಕ್ಕಳು ಮೂರನ್ನೂ ಬೇರೆ ಬೇರೆ ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಅದು ಬೇಡದ ಕಷ್ಟ. ವಿಸ್ತೀರ್ಣದ ಒಂದೇ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದು ಹೆಚ್ಚುಕಡಿಮೆ ಅದರ ಹಿಂದೆಯೇ ಬರುತ್ತದೆ. ಇಲ್ಲಿ ಆ ದಾರಿಯಲ್ಲೇ ಹೋಗೋಣ.

ಹಂತ 1: ಮೊದಲು ಚಿತ್ರ ಬರೆಯಿರಿ

ಬರೀ ಓದಿದರೆ ಇದು ತಲೆಗೆ ಹತ್ತುವುದಿಲ್ಲ. ಒಂದು ಬಿಳಿ ಹಾಳೆ, ಸ್ಕೇಲು, ಕೈವಾರ, ಚೂಪಾದ ಪೆನ್ಸಿಲ್ ಇಟ್ಟುಕೊಳ್ಳಿ.

ನಮ್ಮ ಗದ್ದೆಯ ಮೂರು ಬದಿಗಳು 136 ಅಡಿ, 170 ಅಡಿ, 174 ಅಡಿ ಅಂತ ಇಟ್ಟುಕೊಳ್ಳೋಣ. ಸುಮ್ನೆ ಆರಿಸಿದ ಅಂಕಿಗಳಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಹಾಳೆಯ ಮೇಲೆ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 20 ಅಡಿ. ಆಗ ಬದಿಗಳು 6.8, 8.5, 8.7 ಸೆಂಟಿಮೀಟರ್ ಆಗುತ್ತವೆ.

ಕೆಳಗೆ 6.8 ಸೆಂ.ಮೀ. ಗೆರೆ ಎಳೆಯಿರಿ. ಎಡ ತುದಿ ಬ, ಬಲ ತುದಿ ಕ. ಕೈವಾರವನ್ನು 8.5ಕ್ಕೆ ಅಗಲಿಸಿ ಬ ಮೇಲೆ ಮುಳ್ಳಿಟ್ಟು ಮೇಲ್ಗಡೆ ಒಂದು ಕಂಸ ಎಳೆಯಿರಿ. ಆಮೇಲೆ 8.7ಕ್ಕೆ ಅಗಲಿಸಿ ಕ ಮೇಲಿಂದ ಇನ್ನೊಂದು ಕಂಸ. ಎರಡೂ ಸೇರುವ ಜಾಗ ಅ. ಅಬ, ಅಕ ಸೇರಿಸಿದರೆ ತ್ರಿಭುಜ ಅಬಕ ಸಿದ್ಧ.

ಈಗ ಮೂರು ಬದಿಗಳ ಮಧ್ಯಬಿಂದು ಗುರುತಿಸಿ. ಬಕದ ಮಧ್ಯಬಿಂದು ಮ (ಬ ಇಂದ 3.4 ಸೆಂ.ಮೀ.). ಅಕದ ಮಧ್ಯಬಿಂದು ನ (ಅ ಇಂದ 4.35). ಅಬದ ಮಧ್ಯಬಿಂದು ಪ (ಅ ಇಂದ 4.25). ಎದುರು ಶೃಂಗಗಳಿಗೆ (ಮೂಲೆಗಳಿಗೆ) ಸೇರಿಸಿ: ಅಮ, ಬನ, ಕಪ. ಇವೇ ಮೂರು ಮಧ್ಯರೇಖೆಗಳು.

ಮೂರೂ ಒಂದೇ ಚುಕ್ಕಿಯಲ್ಲಿ ಸೇರಬೇಕು. ಮಧ್ಯದಲ್ಲಿ ಪುಟ್ಟದೊಂದು ತ್ರಿಕೋನ ಕಾಣಿಸಿಕೊಂಡರೆ ಗಣಿತದ ಮೇಲೆ ಅನುಮಾನ ಬೇಡ. ಯಾವುದೋ ಒಂದು ಮಧ್ಯಬಿಂದು ಒಂದು ಮಿಲಿಮೀಟರ್ ಆಚೀಚೆ ಆಗಿದೆ, ಅಷ್ಟೇ. ಅಳಿಸಿ ಮತ್ತೆ ಹಾಕಿ. ಸೇರುವ ಬಿಂದುವನ್ನು ಗ ಅಂತ ಕರೆಯೋಣ. ಇದು ಗುರುತ್ವ ಕೇಂದ್ರ.

ಹಂತ 2: ಯಾವುದು ಮಧ್ಯರೇಖೆ, ಯಾವುದಲ್ಲ

ಶೃಂಗದಿಂದ ಎದುರು ಬದಿಯ ಮಧ್ಯಬಿಂದುವಿಗೆ ಹೋದರೆ ಮಧ್ಯರೇಖೆ. ಶೃಂಗದಿಂದ ಎದುರು ಬದಿಗೆ ನೇರ 90 ಡಿಗ್ರಿಯಲ್ಲಿ ಇಳಿದರೆ ಅದು ಎತ್ತರ. ಶೃಂಗದ ಕೋನವನ್ನು ಎರಡು ಸಮ ಭಾಗ ಮಾಡಿದರೆ ಕೋನಾರ್ಧಕ. ಬದಿಯ ಮಧ್ಯದಿಂದ ಲಂಬವಾಗಿ ಎದ್ದರೆ ಲಂಬಾರ್ಧಕ, ಅದು ಶೃಂಗದ ಮೂಲಕ ಹೋಗಲೇಬೇಕು ಅಂತೇನಿಲ್ಲ.

ಸಮಬಾಹು ತ್ರಿಭುಜದಲ್ಲಿ ಈ ನಾಲ್ಕೂ ಒಂದೇ ಗೆರೆ. ಗೊಂದಲ ಶುರುವಾಗುವುದೇ ಅಲ್ಲಿ. ಬೋರ್ಡಿನ ಮೇಲೆ ಯಾವಾಗಲೂ ಸಮಬಾಹು ತ್ರಿಭುಜವನ್ನೇ ಬರೆದರೆ ಮಗುವಿಗೆ ಎಲ್ಲ ಒಂದೇ ಅನಿಸುವುದು ಸಹಜ ಅಲ್ವಾ. ನಮ್ಮ ಚಿತ್ರದಲ್ಲೂ ಅ ಇಂದ ಬಂದ ಎತ್ತರಕ್ಕೂ ಮಧ್ಯರೇಖೆಗೂ ವ್ಯತ್ಯಾಸ ಬಹಳ ಕಡಿಮೆ. ಬಕದ ಮೇಲೆ ಅವೆರಡರ ನಡುವೆ ಬರೀ ಎರಡೂವರೆ ಮಿಲಿಮೀಟರ್. ಅನುಮಾನ ಇದ್ದರೆ ಪಕ್ಕದಲ್ಲೇ ವಿಶಾಲಕೋನ ಇರುವ ಒಂದು ಓರೆ ತ್ರಿಭುಜ ಬರೆದು ನೋಡಿ. ಅಲ್ಲಿ ಎತ್ತರ ತ್ರಿಭುಜದ ಹೊರಗೇ ಬೀಳಬಹುದು. ಮಧ್ಯರೇಖೆ ಮಾತ್ರ ಯಾವತ್ತೂ ಹೊರಗೆ ಹೋಗುವುದಿಲ್ಲ.

ಹಂತ 3: ಎಲ್ಲದಕ್ಕೂ ಬೇರು, ಎರಡು ಸಮ ಪಾಲು

ಅಮ ಗೆರೆಯ ಎಡಕ್ಕೆ ತ್ರಿಭುಜ ಅಬಮ, ಬಲಕ್ಕೆ ತ್ರಿಭುಜ ಅಕಮ. ಎರಡರ ಪಾದಗಳೂ ಬಕ ಗೆರೆಯ ಮೇಲೇ ಇವೆ, ಮತ್ತು ಬಮ = ಕಮ. ಎರಡರ ತುದಿಯೂ ಅ. ಹಾಗಾಗಿ ಎತ್ತರವೂ ಒಂದೇ. ಪಾದ ಸಮ, ಎತ್ತರ ಸಮ ಅಂದಮೇಲೆ ವಿಸ್ತೀರ್ಣವೂ ಸಮ.

ಇಷ್ಟೇ. ಇದಕ್ಕಿಂತ ಸುಲಭದ ಸಾಧನೆ ರೇಖಾಗಣಿತದಲ್ಲಿ ಸಿಗುವುದು ಕಷ್ಟ. ಆದರೆ ಒಂದು ಎಚ್ಚರಿಕೆ: ಎರಡು ತುಂಡುಗಳ ವಿಸ್ತೀರ್ಣ ಮಾತ್ರ ಸಮ, ಆಕಾರ ಒಂದೇ ಅಲ್ಲ. ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಸರಿಹೊಂದುವುದಿಲ್ಲ. ಪರೀಕ್ಷೆಯಲ್ಲಿ "ಮಧ್ಯರೇಖೆ ತ್ರಿಭುಜವನ್ನು ಎರಡು ಸರ್ವಸಮ ತ್ರಿಭುಜಗಳಾಗಿ ಮಾಡುತ್ತದೆ" ಅಂತ ಬರೆದು ಅಂಕ ಕಳೆದುಕೊಳ್ಳುವವರು ಜಾಸ್ತಿ. ಸಮದ್ವಿಬಾಹು ತ್ರಿಭುಜದಲ್ಲಿ, ಸಮ ಬದಿಗಳು ಸೇರುವ ಶೃಂಗದಿಂದ ಎಳೆದಾಗ ಮಾತ್ರ ಅದು ನಿಜ.

ಗದ್ದೆಯ ಲೆಕ್ಕ ಹಾಕೋಣ. ಮೂರು ಬದಿ ಗೊತ್ತಿದ್ದರೆ ಹೀರೋನನ ಸೂತ್ರ ಸಾಕು. ಸುತ್ತಳತೆ 480, ಅರ್ಧ 240. ಅದರಿಂದ ಒಂದೊಂದೇ ಬದಿ ಕಳೆದರೆ 104, 70, 66. ನಾಲ್ಕನ್ನೂ ಗುಣಿಸಿದರೆ 11,53,15,200. ಅದರ ವರ್ಗಮೂಲ ಸುಮಾರು 10,738.5 ಚದರ ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1089 ಚದರ ಅಡಿ. ಭಾಗಿಸಿದರೆ 9.86 ಗುಂಟೆ. ಅ ಇಂದ ಮಕ್ಕೆ ಬದು ಹಾಕಿದರೆ ಒಬ್ಬೊಬ್ಬರಿಗೆ 4.93 ಗುಂಟೆ.

ನೆಲವನ್ನು ಹೀಗೆ ತ್ರಿಭುಜಗಳ ಮೂಲಕ ಅಳೆಯುವ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಇತಿಹಾಸವೇ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದು, ತ್ರಿಭುಜಕ್ಕೆ ತ್ರಿಭುಜ ಜೋಡಿಸುತ್ತಾ ಸರ್ವೆ ಶುರು ಮಾಡಿದರು.

ಹಂತ 4: ಮೂರೂ ಒಂದೇ ಕಡೆ ಸೇರುವುದೇಕೆ?

ಎರಡು ಗೆರೆಗಳು ಎಲ್ಲೋ ಒಂದು ಕಡೆ ಸೇರುತ್ತವೆ, ಅದರಲ್ಲಿ ಆಶ್ಚರ್ಯ ಇಲ್ಲ. ಮೂರನೆಯದೂ ತಪ್ಪದೆ ಅಲ್ಲಿಗೇ ಬರುತ್ತದೆ ಅನ್ನುವುದೇ ವಿಶೇಷ. ಪುಸ್ತಕಗಳಲ್ಲಿ ಇದನ್ನು ಸಾಮಾನ್ಯವಾಗಿ ಮಧ್ಯಬಿಂದು ಪ್ರಮೇಯದಿಂದ ಇಲ್ಲವೇ ಸಮರೂಪ ತ್ರಿಭುಜಗಳಿಂದ ಸಾಧಿಸುತ್ತಾರೆ. ತಪ್ಪೇನಿಲ್ಲ. ಆದರೆ ಹಂತ 3ರ ಮಾತೊಂದನ್ನೇ ಇಟ್ಟುಕೊಂಡು ಸಾಧಿಸುವುದು ನನಗೆ ಹೆಚ್ಚು ಇಷ್ಟ. ನಿಧಾನವಾಗಿ, ಚಿತ್ರ ನೋಡುತ್ತಾ ಓದಿ.

ಈಗ ಹೊಸ ಹಾಳೆಯಲ್ಲಿ ಎರಡು ಮಧ್ಯರೇಖೆ ಮಾತ್ರ ಎಳೆಯಿರಿ: ಬನ ಮತ್ತು ಕಪ. ಅವು ಸೇರುವ ಬಿಂದು ಗ. ಅಗ ಸೇರಿಸಿ. ಮೂರನೇ ಮಧ್ಯರೇಖೆಯನ್ನು ಇನ್ನೂ ಎಳೆದಿಲ್ಲ, ನೆನಪಿರಲಿ.

ತ್ರಿಭುಜ ಅಗಬ ನೋಡಿ. ಪ ಅನ್ನುವುದು ಅಬದ ಮಧ್ಯಬಿಂದು. ಅಂದರೆ ಗಪ ಗೆರೆ ಈ ಚಿಕ್ಕ ತ್ರಿಭುಜದ ಮಧ್ಯರೇಖೆ. ಹಾಗಾದರೆ ಅಗಪ, ಬಗಪ ಎರಡರ ವಿಸ್ತೀರ್ಣವೂ ಒಂದೇ. ಅದನ್ನು ಸ ಅನ್ನೋಣ.

ಹಾಗೆಯೇ ತ್ರಿಭುಜ ಅಗಕದಲ್ಲಿ ಗನ ಮಧ್ಯರೇಖೆ. ಅಗನ, ಕಗನ ಎರಡೂ ಸಮ. ಅದು ತ ಆಗಲಿ. ಕೆಳಗೆ ಉಳಿದ ಬಗಕ ತ್ರಿಭುಜದ ವಿಸ್ತೀರ್ಣ ದ ಆಗಲಿ.

ಈಗ ದೊಡ್ಡ ತ್ರಿಭುಜಕ್ಕೆ ಬನ್ನಿ. ಬನ ಮಧ್ಯರೇಖೆ ಅದನ್ನು ಸಮನಾಗಿ ಒಡೆಯುತ್ತದೆ. ಅದರ ಒಂದು ಕಡೆ ಎರಡು ಸ, ಒಂದು ತ. ಇನ್ನೊಂದು ಕಡೆ ಒಂದು ತ, ಒಂದು ದ.

2ಸ + ತ = ತ + ದ
ಆದ್ದರಿಂದ ದ = 2ಸ

ಕಪ ಮಧ್ಯರೇಖೆಯೂ ಸಮನಾಗಿ ಒಡೆಯುತ್ತದೆ.

ಸ + 2ತ = ಸ + ದ
ಆದ್ದರಿಂದ ದ = 2ತ

ಎರಡನ್ನೂ ಸೇರಿಸಿ ನೋಡಿದರೆ ಸ = ತ. ದ ಅನ್ನುವುದು ಅದರ ಎರಡರಷ್ಟು. ಅಂದರೆ ಅಗಬ, ಅಗಕ, ಬಗಕ ಮೂರೂ ಸಮ. ಒಂದೊಂದೂ ಇಡೀ ತ್ರಿಭುಜದ ಮೂರನೇ ಒಂದು ಭಾಗ.

ಇನ್ನು ಮೂರನೇ ಮಧ್ಯರೇಖೆಯ ಸರದಿ. ಬಕದ ಮಧ್ಯಬಿಂದು ಮ ಗುರುತಿಸಿ ಗಮ ಸೇರಿಸಿ. ಬಗಕ ತ್ರಿಭುಜದಲ್ಲಿ ಗಮ ಮಧ್ಯರೇಖೆ. ಹಾಗಾಗಿ ಬಗಮ, ಕಗಮ ಒಂದೊಂದೂ ಸ. ಈಗ ಅ ಇಂದ ಗಕ್ಕೆ, ಗ ಇಂದ ಮಕ್ಕೆ ನಡೆದು ಹೋಗಿ. ಈ ದಾರಿಯ ಎಡಕ್ಕೆ ಮೂರು ಸ, ಬಲಕ್ಕೆ ಮೂರು ಸ. ಅಂದರೆ ಅ–ಗ–ಮ ದಾರಿ ತ್ರಿಭುಜವನ್ನು ಸರಿಯಾಗಿ ಅರ್ಧ ಮಾಡಿದೆ.

ಆದರೆ ಅ ಇಂದ ಮಕ್ಕೆ ನೇರವಾಗಿ ಎಳೆದ ಗೆರೆಯೂ ಸರಿಯಾಗಿ ಅರ್ಧ ಮಾಡುತ್ತದೆ. ಒಂದು ವೇಳೆ ಗ ಆ ನೇರ ಗೆರೆಯ ಮೇಲೆ ಇಲ್ಲದೆ ಪಕ್ಕಕ್ಕೆ ಸರಿದಿದ್ದರೆ, ನೇರ ದಾರಿಗೂ ಸೊಟ್ಟ ದಾರಿಗೂ ನಡುವೆ ಅಗಮ ಅನ್ನುವ ತ್ರಿಭುಜದಷ್ಟು ನೆಲ ಹೆಚ್ಚುಕಡಿಮೆ ಆಗಬೇಕಿತ್ತು. ಎರಡೂ ಅರ್ಧವೇ ಮಾಡುವುದರಿಂದ ಆ ತ್ರಿಭುಜದ ವಿಸ್ತೀರ್ಣ ಸೊನ್ನೆ. ಅಂದರೆ ಅ, ಗ, ಮ ಮೂರೂ ಒಂದೇ ಗೆರೆಯ ಮೇಲಿವೆ. ಮೂರನೇ ಮಧ್ಯರೇಖೆಯೂ ಗ ಮೂಲಕವೇ ಹೋಗುತ್ತದೆ.

ಒಂದೇ ಏಟಿಗೆ ಎರಡು ಫಲ ಸಿಕ್ಕಿತು. ಮೂರೂ ಒಂದೇ ಕಡೆ ಸೇರುತ್ತವೆ, ಮತ್ತು ಅವು ತ್ರಿಭುಜವನ್ನು ಆರು ಸಮ ತುಂಡು ಮಾಡುತ್ತವೆ. ಈ ಆರು ತುಂಡುಗಳ ಆಕಾರ ಬೇರೆ ಬೇರೆ. ನಮ್ಮ ಗದ್ದೆಯಲ್ಲಿ ಒಂದೊಂದು ತುಂಡೂ 1.64 ಗುಂಟೆ.

ಹಂತ 5: 2:1 ಅನುಪಾತ

ಗ ಪ್ರತಿ ಮಧ್ಯರೇಖೆಯನ್ನೂ 2:1ರಲ್ಲಿ ಒಡೆಯುತ್ತದೆ. ಇದನ್ನು ತೋರಿಸಲು ಹೊಸ ಚಿತ್ರವೇನೂ ಬೇಡ. ತ್ರಿಭುಜ ಅಗಬದ ವಿಸ್ತೀರ್ಣ 2ಸ. ಬಗಮದ ವಿಸ್ತೀರ್ಣ ಸ. ಎರಡರ ಪಾದಗಳೂ (ಅಗ, ಗಮ) ಅಮ ಗೆರೆಯ ಮೇಲಿವೆ, ಎರಡರ ತುದಿಯೂ ಬ. ಎತ್ತರ ಒಂದೇ ಆದ್ದರಿಂದ ವಿಸ್ತೀರ್ಣ ಎರಡರಷ್ಟು ಅಂದರೆ ಪಾದವೂ ಎರಡರಷ್ಟು. ಅಗ : ಗಮ = 2 : 1.

ದೊಡ್ಡ ಭಾಗ ಯಾವ ಕಡೆ ಅನ್ನುವುದು ಪರೀಕ್ಷೆ ಕೋಣೆಯಲ್ಲಿ ಮರೆತುಹೋಗುತ್ತದೆ. ಶೃಂಗದ ಕಡೆ ಎರಡು ಪಾಲು, ಬದಿಯ ಕಡೆ ಒಂದು ಪಾಲು. ಚಿತ್ರ ನೋಡಿದರೂ ಗೊತ್ತಾಗುತ್ತದೆ, ಗ ಯಾವಾಗಲೂ ಬದಿಗೇ ಹತ್ತಿರ. ಅಮವನ್ನು ಅಳೆದರೆ 7.9 ಸೆಂ.ಮೀ. ಬರಬೇಕು. ಅಗ ಸುಮಾರು 5.27, ಗಮ ಸುಮಾರು 2.63.

ಇದರ ಜೊತೆಗೇ ಬರುವ ಇನ್ನೊಂದು ಮಾತು: ಯಾವುದೇ ಬದಿಯಿಂದ ಗ ಇರುವ ದೂರ, ಆ ಬದಿಗೆ ಎದುರಿನ ಎತ್ತರದ ಮೂರನೇ ಒಂದು ಭಾಗ.

ಹಂತ 6: ಗದ್ದೆಗೆ ಇಳಿದಾಗ

ಪಾಲುದಾರರು ಮೂವರಾದರೆ? ಹಾಳೆಯ ಮೇಲೆ ಉತ್ತರ ಚೆಂದವಾಗಿದೆ. ಗ ಜಾಗದಲ್ಲಿ ಒಂದು ಗೂಟ ಹೊಡೆದು, ಅಲ್ಲಿಂದ ಮೂರು ಮೂಲೆಗೂ ಬದು ಹಾಕಿದರೆ ಒಬ್ಬೊಬ್ಬರಿಗೆ 3.29 ಗುಂಟೆ. ಲೆಕ್ಕ ಪಕ್ಕಾ. ಆದರೆ ನಾಲೆ ಬಕ ಬದಿಯಲ್ಲಿ ಹರಿಯುತ್ತಿದ್ದರೆ? ಬಗಕ ಪಾಲಿನವನಿಗೆ ಮಾತ್ರ ನೀರು ನೇರವಾಗಿ ಸಿಗುತ್ತದೆ. ಉಳಿದ ಇಬ್ಬರು ಅವನ ಬದುವಿನ ಮೇಲೆ ಕಾಲುವೆ ತೆಗೆಯಬೇಕು. ಕಬ್ಬಿಗೆ ನೀರು ಕಟ್ಟುವ ಕಾಲದಲ್ಲಿ ಜಗಳಕ್ಕೆ ಬೇರೆ ಕಾರಣ ಬೇಕಾ?

ಅದಕ್ಕೇ ಇಲ್ಲಿ ಗುರುತ್ವ ಕೇಂದ್ರವನ್ನು ಬಿಟ್ಟು, ಬಕ ಬದಿಯನ್ನೇ ಮೂರು ಸಮ ಭಾಗ ಮಾಡಿ. ಒಂದೊಂದು ಭಾಗ 45 ಅಡಿ 4 ಇಂಚು. ಆ ಎರಡು ಗೂಟಗಳಿಂದ ಅ ಮೂಲೆಗೆ ಬದು ಹಾಕಿ. ಪಾದ ಸಮ, ಎತ್ತರ ಒಂದೇ, ಹಾಗಾಗಿ ಮೂರು ಪಾಲೂ ಸಮ. ಮೂವರಿಗೂ ನಾಲೆಯ ಮುಖ ಸಿಕ್ಕಿತು. ಹಂತ 3ರ ಮಾತೇ ಇಲ್ಲೂ ಕೆಲಸ ಮಾಡಿದ್ದು. ಅ ಮೂಲೆಯ ಹತ್ತಿರ ಮೂರು ಪಾಲೂ ತೀರಾ ಚೂಪಾಗುತ್ತವೆ, ಅಲ್ಲಿ ಉಳುಮೆ ಕಷ್ಟ. ಆ ತೊಂದರೆಗೆ ಗಣಿತದಲ್ಲಿ ಔಷಧ ಇಲ್ಲ.

ಇನ್ನು ಬಹಳ ಜನ ಬೀಳುವ ಒಂದು ಗುಂಡಿ. "ಗುರುತ್ವ ಕೇಂದ್ರದ ಮೂಲಕ ಯಾವ ಗೆರೆ ಎಳೆದರೂ ನೆಲ ಎರಡು ಸಮ ಪಾಲಾಗುತ್ತದೆ" ಅನ್ನುವ ನಂಬಿಕೆ. ಕೇಳಲು ಸರಿ ಅನಿಸುತ್ತದೆ. ಆದರೆ ಸುಳ್ಳು. ಗ ಮೂಲಕ ಬಕಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಮೇಲೆ ಒಂದು ಚಿಕ್ಕ ತ್ರಿಭುಜ ಉಳಿಯುತ್ತದೆ. ಅದು ದೊಡ್ಡದಕ್ಕೆ ಸಮರೂಪ. ಅದರ ಬದಿಗಳೆಲ್ಲ ದೊಡ್ಡದರ ಬದಿಗಳ 2/3. ಹಾಗಾಗಿ ಅದರ ವಿಸ್ತೀರ್ಣ 4/9. ಕೆಳಗೆ ಉಳಿದದ್ದು 5/9.

ನಮ್ಮ ಗದ್ದೆಯಲ್ಲಿ ಮೇಲಿನವನಿಗೆ 4.38 ಗುಂಟೆ, ಕೆಳಗಿನವನಿಗೆ 5.48. ವ್ಯತ್ಯಾಸ ಸುಮಾರು 1193 ಚದರ ಅಡಿ. ಮೈಸೂರಿನಲ್ಲಿ ಸೈಟ್ ಕೊಂಡವರಿಗೆ ಈ ಅಂಕಿ ಬೇಗ ಅರ್ಥವಾಗುತ್ತದೆ. ಒಂದು 30×40 ಸೈಟು 1200 ಚದರ ಅಡಿ. ಅದಕ್ಕೆ ಇದು ಏಳು ಚದರ ಅಡಿ ಕಡಿಮೆ, ಅಷ್ಟೇ. ಗ ಮೂಲಕ ಹೋಗುವ ಗೆರೆಗಳಲ್ಲಿ ನೆಲವನ್ನು ಸರಿಯಾಗಿ ಅರ್ಧ ಮಾಡುವುದು ಮೂರು ಮಧ್ಯರೇಖೆಗಳು ಮಾತ್ರ.

ಅಂದಹಾಗೆ, ಇದೆಲ್ಲ ಮನೆಯೊಳಗಿನ ಮಾತುಕತೆಗೆ ಸಾಕು. ದಾಖಲೆಯಲ್ಲಿ ಪಾಲು ಆಗಬೇಕಾದರೆ ಸಾಮಾನ್ಯವಾಗಿ ಸರ್ವೆಯವರು ಬಂದು ಅಳೆದು 11ಇ ನಕ್ಷೆ, ಅಂದರೆ ಪಾಲಿನ ಸರ್ವೆ ನಕ್ಷೆ, ಮಾಡಬೇಕಾಗುತ್ತದೆ. ಆದರೆ ಅವರು ಬರುವ ಮುಂಚೆ ಲೆಕ್ಕ ನಿಮಗೇ ಗೊತ್ತಿದ್ದರೆ ಒಳ್ಳೆಯದು.

ಹಂತ 7: ಮಧ್ಯರೇಖೆಯ ಉದ್ದ

ಗದ್ದೆಯಲ್ಲಿ ಕಬ್ಬು ಎದ್ದು ನಿಂತಿದ್ದರೆ ಅ ಇಂದ ಮಕ್ಕೆ ಟೇಪ್ ಹಿಡಿಯಲು ಆಗುವುದಿಲ್ಲ. ಆದರೆ ಬದುವಿನ ಮೇಲೆ ನಡೆದು ಮೂರು ಬದಿಯನ್ನೂ ಅಳೆಯಬಹುದು. ಅದರಿಂದಲೇ ಮಧ್ಯರೇಖೆಯ ಉದ್ದ ಸಿಗುತ್ತದೆ. ಅಪೊಲೋನಿಯಸ್ ಪ್ರಮೇಯ ಅಂತ ಇದರ ಹೆಸರು:

ಅಬ² + ಅಕ² = 2 (ಅಮ² + ಬಮ²)

ಸಾಧನೆಗೆ ಪೈಥಾಗೊರಸ್ ಪ್ರಮೇಯವನ್ನು ಎರಡು ಸಲ ಬಳಸಬೇಕು. ಅ ಇಂದ ಬಕಕ್ಕೆ ಲಂಬ ಇಳಿಸಿ. ಅದು ಮುಟ್ಟುವ ಜಾಗ ಹ. ನಮ್ಮ ಚಿತ್ರದಲ್ಲಿ ಅದು ಬ ಮತ್ತು ಮ ನಡುವೆ ಬೀಳುತ್ತದೆ. ಆಗ ಬಹ = ಬಮ − ಹಮ. ಆ ಕಡೆ ಕಹ = ಬಮ + ಹಮ, ಏಕೆಂದರೆ ಕಮವೂ ಬಮದಷ್ಟೇ ಉದ್ದ.

ಅಬ² = ಅಹ² + (ಬಮ − ಹಮ)²
ಅಕ² = ಅಹ² + (ಬಮ + ಹಮ)²

ಕೂಡಿಸಿ. ಬಿಡಿಸಿದಾಗ ನಡುವಿನ ಪದ ಒಂದು ಕಡೆ ಕಳೆಯುತ್ತದೆ, ಇನ್ನೊಂದು ಕಡೆ ಕೂಡುತ್ತದೆ, ಹಾಗಾಗಿ ಹೊರಟುಹೋಗುತ್ತದೆ. ಉಳಿಯುವುದು 2ಅಹ² + 2ಹಮ² + 2ಬಮ². ಅಹಮ ಲಂಬಕೋನ ತ್ರಿಭುಜದಲ್ಲಿ ಅಹ² + ಹಮ² = ಅಮ². ಮುಗಿಯಿತು. ಹ ಬೇರೆ ಕಡೆ ಬಿದ್ದರೂ ಉತ್ತರ ಇದೇ.

ಅಂಕಿ ಹಾಕೋಣ. 170² + 174² = 28,900 + 30,276 = 59,176. ಅರ್ಧ 29,588. ಅದರಿಂದ 68² ಅಂದರೆ 4,624 ಕಳೆದರೆ 24,964. ವರ್ಗಮೂಲ 158. ಅಮ = 158 ಅಡಿ, ಚೂರೂ ಉಳಿಯದೆ.

ಉಳಿದ ಎರಡನ್ನೂ ನೀವೇ ಮಾಡಿ. ಬನ 127 ಅಡಿ, ಕಪ 131 ಅಡಿ ಬರಬೇಕು. ಬದಿಗಳೂ ಪೂರ್ಣಾಂಕ, ಮೂರು ಮಧ್ಯರೇಖೆಗಳೂ ಪೂರ್ಣಾಂಕ! ಇಂಥ ತ್ರಿಭುಜ ಸುಲಭಕ್ಕೆ ಸಿಗುವುದಿಲ್ಲ. ಇದನ್ನು ಹುಡುಕಿದ್ದು ಗಣಿತಜ್ಞ ಆಯ್ಲರ್. 136, 170, 174 ಆರಿಸಿದ್ದು ಇದಕ್ಕೇ.

ಕಬ್ಬು ಕಟಾವಾದ ಮೇಲೆ ಈ ಲೆಕ್ಕಕ್ಕೆ ಇನ್ನೊಂದು ಉಪಯೋಗ ಇದೆ. ಮ ಗೂಟದಿಂದ ಅ ಮೂಲೆಗೆ ಟೇಪ್ ಹಿಡಿಯಿರಿ. 158ರ ಹತ್ತಿರ ಬರದಿದ್ದರೆ ಯಾವುದೋ ಬದಿಯ ಅಳತೆ ತಪ್ಪಾಗಿದೆ ಅಂತ ಅರ್ಥ. ವಿಸ್ತೀರ್ಣದ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಇದನ್ನು ನೋಡಿಕೊಂಡರೆ ಕ್ಷೇಮ.

ಅಂಕಿಗಳನ್ನು ಜೋಡಿಸಿ ನೋಡಿ: ಅತಿ ಚಿಕ್ಕ ಬದಿಗೆ (136) ಅತಿ ಉದ್ದದ ಮಧ್ಯರೇಖೆ (158), ಅತಿ ದೊಡ್ಡ ಬದಿಗೆ (174) ಅತಿ ಗಿಡ್ಡ ಮಧ್ಯರೇಖೆ (127). ಇದು ಯಾವಾಗಲೂ ಹೀಗೆಯೇ. ಎರಡು ಮಧ್ಯರೇಖೆ ಸಮ ಇದ್ದರೆ ತ್ರಿಭುಜ ಸಮದ್ವಿಬಾಹು ಅನ್ನುವುದೂ ಇದರಿಂದಲೇ ಬರುತ್ತದೆ. ಮೂರು ಸಮೀಕರಣಗಳನ್ನೂ ಕೂಡಿಸಿದರೆ ಇನ್ನೊಂದು ಸಂಬಂಧ ಸಿಗುತ್ತದೆ: ಬದಿಗಳ ವರ್ಗಗಳ ಮೊತ್ತದ ಮೂರರಷ್ಟು = ಮಧ್ಯರೇಖೆಗಳ ವರ್ಗಗಳ ಮೊತ್ತದ ನಾಲ್ಕರಷ್ಟು. ನಮ್ಮ ಗದ್ದೆಗೆ ಎರಡೂ ಕಡೆ 2,33,016 ಬರುತ್ತದೆ.

ಲಂಬಕೋನ ಇದ್ದರೆ

ಅ ಹತ್ತಿರ 90 ಡಿಗ್ರಿ ಇದ್ದರೆ ಅಬ² + ಅಕ² = ಬಕ², ಅಂದರೆ 4ಬಮ². ಪ್ರಮೇಯದಲ್ಲಿ ಹಾಕಿದರೆ ಅಮ = ಬಮ. ವಿಕರ್ಣಕ್ಕೆ ಎಳೆದ ಮಧ್ಯರೇಖೆ ವಿಕರ್ಣದ ಅರ್ಧ. ಹಾಗಾಗಿ ಮ ಮೇಲೆ ಕೈವಾರ ಇಟ್ಟು ಸುತ್ತಿದರೆ ವೃತ್ತ ಮೂರು ಶೃಂಗಗಳನ್ನೂ ಮುಟ್ಟುತ್ತದೆ.

ಇದು ತಿರುವಿ ಹಾಕಿದರೂ ನಿಜ. ಮನೆ ಪಾಯ ಹಾಕುವಾಗ ಗಾರೆ ಕೆಲಸದವರು ಮೂಲೆ ಸರಿ ಇದೆಯಾ ಅಂತ 3, 4, 5 ಅಡಿ ಹಿಡಿದು ನೋಡುತ್ತಾರೆ. 5 ಅಡಿ ದಾರದ ನಡುವಿನಿಂದ ಮೂಲೆಗೆ ಎರಡೂವರೆ ಅಡಿ ಬಂದರೂ ಸಾಕು, ಮೂಲೆ ನೇರ ಇದೆ.

ಹಂತ 8: ಉತ್ತರ ಸರಿ ಇದೆಯಾ ಅಂತ ಅಂದಾಜು ನೋಡುವುದು

ಅಮವನ್ನು ಕೆಳಗೆ ಅಷ್ಟೇ ಉದ್ದ ಬೆಳೆಸಿ, ತುದಿಗೆ ಡ ಅನ್ನಿ. ಅಬಡಕ ಸಮಾಂತರ ಚತುರ್ಭುಜ ಆಗುತ್ತದೆ. ಅದರ ಕರ್ಣಗಳು ಮ ಹತ್ತಿರ ಅರ್ಧ ಅರ್ಧ ಆಗಿವೆ. ಬಡ = ಅಕ. ತ್ರಿಭುಜ ಅಬಡದಲ್ಲಿ ಅಡ, ಉಳಿದೆರಡು ಬದಿಗಳ ಮೊತ್ತಕ್ಕಿಂತ ಕಡಿಮೆ. ಹಾಗಾಗಿ ಮಧ್ಯರೇಖೆ ಪಕ್ಕದ ಎರಡು ಬದಿಗಳ ಸರಾಸರಿಗಿಂತ ಯಾವಾಗಲೂ ಚಿಕ್ಕದು. 170, 174ರ ಸರಾಸರಿ 172. ನಮ್ಮದು 158, ಸರಿ ಇದೆ.

ಮೂರು ಮಧ್ಯರೇಖೆಗಳ ಮೊತ್ತ ಸುತ್ತಳತೆಗಿಂತ ಕಡಿಮೆ, ಸುತ್ತಳತೆಯ ಮುಕ್ಕಾಲಿಗಿಂತ ಜಾಸ್ತಿ. 158 + 127 + 131 = 416. ಅದು 360 ಮತ್ತು 480ರ ನಡುವೆ ಇದೆ. ಉತ್ತರ ಈ ಗಡಿ ದಾಟಿದರೆ ಲೆಕ್ಕವನ್ನು ಮತ್ತೆ ನೋಡಿ.

ಹಂತ 9: ನಿರ್ದೇಶಾಂಕದಲ್ಲಿ

ಗ್ರಾಫ್ ಹಾಳೆಯ ಮೇಲೆ ಶೃಂಗಗಳ ನಿರ್ದೇಶಾಂಕ (ಜಾಗ ಹೇಳುವ ಜೋಡಿ ಅಂಕಿ) ಗೊತ್ತಿದ್ದರೆ ಗುರುತ್ವ ಕೇಂದ್ರ ಹುಡುಕುವುದು ಅತಿ ಸುಲಭ. ಮೂರು ಶೃಂಗಗಳ ಮೊದಲ ಅಂಕಿಗಳ ಸರಾಸರಿ, ಎರಡನೇ ಅಂಕಿಗಳ ಸರಾಸರಿ. ಶೃಂಗಗಳು (2, 9), (1, 0), (9, 3) ಆದರೆ ಗುರುತ್ವ ಕೇಂದ್ರ (4, 4). ಪರೀಕ್ಷಿಸಬೇಕೆಂದರೆ: ಕೊನೆಯ ಎರಡರ ಮಧ್ಯಬಿಂದು (5, 1.5). (2, 9) ಇಂದ ಅಲ್ಲಿಗೆ ಹೋಗುವ ದಾರಿಯಲ್ಲಿ 2/3 ನಡೆದರೆ (4, 4) ಸಿಗುತ್ತದೆ.

ನಾಲ್ಕು ಮೂಲೆಯ ನೆಲಕ್ಕೆ ಇದೇ ಸೂತ್ರ ಹಾಕಿ ನಾಲ್ಕರಿಂದ ಭಾಗಿಸಬೇಡಿ. ಸಾಮಾನ್ಯವಾಗಿ ಅದು ತಪ್ಪು ಜಾಗ ತೋರಿಸುತ್ತದೆ.

ಹಂತ 10: ರಟ್ಟಿನ ಪ್ರಯೋಗ

ಗುರುತ್ವ ಕೇಂದ್ರ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಹಳೆ ಕ್ಯಾಲೆಂಡರಿನ ರಟ್ಟು ತೆಗೆದುಕೊಳ್ಳಿ. ನಮ್ಮ ಚಿತ್ರವನ್ನೇ ಎರಡರಷ್ಟು ದೊಡ್ಡದಾಗಿ ಬರೆದು ಕತ್ತರಿಸಿ. ಅ ಮೂಲೆಗೆ ಆದಷ್ಟು ಹತ್ತಿರ ಗುಂಡುಸೂಜಿ ಚುಚ್ಚಿ ಗೋಡೆಗೆ ಸಡಿಲವಾಗಿ ತೂಗುಹಾಕಿ. ಅದೇ ಸೂಜಿಗೆ ಒಂದು ದಾರ ಕಟ್ಟಿ, ದಾರದ ತುದಿಗೆ ಕಬ್ಬಿಣದ ನಟ್ಟು ಇಳಿಬಿಡಿ. ಅಲುಗಾಟ ನಿಂತ ಮೇಲೆ ದಾರ ಅಮ ಗೆರೆಯ ಮೇಲೇ ಬಿದ್ದಿರುತ್ತದೆ. ಬ, ಕ ಮೂಲೆಗಳಿಂದಲೂ ಹಾಗೆಯೇ ಮಾಡಿ. ಆಮೇಲೆ ಗ ಕೆಳಗೆ ಪೆನ್ಸಿಲ್ ಮೊನೆ ಕೊಟ್ಟರೆ ರಟ್ಟು ಸಮತೂಕವಾಗಿ ನಿಲ್ಲುತ್ತದೆ.

ಯಾಕೆ ಅಂದರೆ, ರಟ್ಟನ್ನು ಬಕಕ್ಕೆ ಸಮಾಂತರವಾದ ತೆಳ್ಳನೆಯ ಪಟ್ಟಿಗಳಾಗಿ ಸೀಳಿದ ಹಾಗೆ ಊಹಿಸಿಕೊಳ್ಳಿ. ಪ್ರತಿ ಪಟ್ಟಿಯ ನಡುವೂ ಅಮ ಮೇಲಿದೆ. ಹಾಗಾಗಿ ಎಲ್ಲ ಸೇರಿದ ತೂಕದ ನಡುವೂ ಅಮ ಮೇಲೇ ಇರಬೇಕು. ಉಳಿದೆರಡು ಮಧ್ಯರೇಖೆಗಳಿಗೂ ಇದೇ ಮಾತು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಆರ್ಕಿಮಿಡಿಸ್ ಇದನ್ನು ಸಾಧಿಸಿದ್ದ.

ರಟ್ಟಿನ ಬದಲು ತಂತಿ ಬಗ್ಗಿಸಿ ತ್ರಿಭುಜ ಮಾಡಿದರೆ ಈ ಬಿಂದು ಕೆಲಸ ಮಾಡುವುದಿಲ್ಲ. ತೂಕವೆಲ್ಲ ಬದಿಗಳಲ್ಲಿ ಇರುವುದರಿಂದ ಉದ್ದದ ಬದಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತಂತಿಯ ತ್ರಿಭುಜ ಸಮಬಾಹು ಆಗಿದ್ದರೆ ಮಾತ್ರ ಎರಡೂ ಒಂದೇ ಬಿಂದು. ಮೂರು ಮೂಲೆಗಳಲ್ಲಿ ಒಂದೇ ತೂಕದ ಮೂರು ನಟ್ಟು ಇಟ್ಟರೆ ಮಾತ್ರ ಮತ್ತೆ ಗ ಹತ್ತಿರವೇ ಸಮತೂಕ.

ಹಂತ 11: ಹಿಂದಿನಿಂದ ಮುಂದಕ್ಕೆ, ಮಧ್ಯರೇಖೆಯಿಂದ ತ್ರಿಭುಜ

ಬದಿಗಳು ಗೊತ್ತಿಲ್ಲ, ಮೂರು ಮಧ್ಯರೇಖೆಗಳ ಉದ್ದ ಮಾತ್ರ ಗೊತ್ತು. ತ್ರಿಭುಜ ಬರೆಯಲು ಸಾಧ್ಯವೇ? ರಚನೆಯ ಲೆಕ್ಕಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಈ ಸಲ ಅಮ = 9, ಬನ = 12, ಕಪ = 15 ಸೆಂ.ಮೀ. ತೆಗೆದುಕೊಳ್ಳಿ.

ಮೊದಲು ಪ್ರತಿಯೊಂದರ 2/3 ಮಾಡಿ: 6, 8, 10. ಈ ಮೂರು ಬದಿಗಳ ತ್ರಿಭುಜ ಗಡಕ ಬರೆಯಿರಿ. ಗಡ = 6, ಡಕ = 8, ಕಗ = 10. (ಈ ಡ ಹಂತ 8ರ ಡ ಅಲ್ಲ. ಗಮವನ್ನು ಕೆಳಗೆ ಅಷ್ಟೇ ಉದ್ದ ಬೆಳೆಸಿದಾಗ ಸಿಗುವ ಬಿಂದು.)

ಆಮೇಲೆ ಗಡದ ಮಧ್ಯಬಿಂದು ಹುಡುಕಿ, ಅದೇ ಮ. ಕ ಇಂದ ಮಕ್ಕೆ ಗೆರೆ ಎಳೆದು ಅಷ್ಟೇ ಉದ್ದ ಮುಂದಕ್ಕೆ ಬೆಳೆಸಿ, ಅಲ್ಲಿ ಬ. ಕೊನೆಗೆ ಡಗ ಗೆರೆಯನ್ನು ಗ ಆಚೆಗೆ 6 ಸೆಂ.ಮೀ. ಬೆಳೆಸಿ, ಅಲ್ಲಿ ಅ. ಅಬ, ಬಕ, ಅಕ ಸೇರಿಸಿ.

ಇದು ಸರಿ ಹೇಗೆ? ಮ ಅನ್ನುವುದು ಗಡಕ್ಕೂ ಬಕಕ್ಕೂ ಮಧ್ಯಬಿಂದು, ಹಾಗಾಗಿ ಗಬಡಕ ಸಮಾಂತರ ಚತುರ್ಭುಜ. ಬಗ = ಡಕ = 8, ಅಂದರೆ 12ರ 2/3. ಅಗ = 6, ಗಮ = 3, ಆದ್ದರಿಂದ ಅಮ = 9, ಮತ್ತು ಗ ಅದನ್ನು 2:1ರಲ್ಲಿ ಒಡೆದಿದೆ. ಗುರುತ್ವ ಕೇಂದ್ರ ಅದೇ ಅಂದಮೇಲೆ ಉಳಿದೆರಡೂ ತಾನಾಗೇ ಸರಿಹೋಗುತ್ತವೆ. ಅಳೆದು ನೋಡಿ. ಅಬ ಸರಿಯಾಗಿ 10, ಅಕ ಸುಮಾರು 14.4, ಬಕ ಸುಮಾರು 17.1.

6, 8, 10 ಲಂಬಕೋನ ತ್ರಿಭುಜ. ಹಾಗಾಗಿ ಇಲ್ಲಿ 9 ಮತ್ತು 12ರ ಮಧ್ಯರೇಖೆಗಳು ಒಂದಕ್ಕೊಂದು ಲಂಬವಾಗಿ ದಾಟುತ್ತವೆ. ಯಾವ ಮೂರು ಉದ್ದ ಕೊಟ್ಟರೂ ಈ ರಚನೆ ಆಗುತ್ತದೆ ಅಂದುಕೊಳ್ಳಬೇಡಿ. 5, 6, 12 ಕೊಟ್ಟರೆ ಮೊದಲ ತ್ರಿಭುಜವೇ ಕೂಡುವುದಿಲ್ಲ. ಯಾವುದೇ ಎರಡರ ಮೊತ್ತ ಮೂರನೆಯದಕ್ಕಿಂತ ಜಾಸ್ತಿ ಇರಲೇಬೇಕು.

ವಿಸ್ತೀರ್ಣವನ್ನೂ ಇಲ್ಲಿಂದಲೇ ತೆಗೆಯಬಹುದು. ಗಡಕ ಅನ್ನುವುದು ಆರು ತುಂಡುಗಳಲ್ಲಿ ಎರಡರಷ್ಟು, ಅಂದರೆ ಇಡೀ ತ್ರಿಭುಜದ 1/3. ಮಧ್ಯರೇಖೆಗಳನ್ನೇ ಬದಿಗಳಾಗಿ ಇಟ್ಟು ಬರೆದ ತ್ರಿಭುಜದ ಬದಿಗಳು ಅದಕ್ಕಿಂತ ಒಂದೂವರೆ ಪಟ್ಟು, ವಿಸ್ತೀರ್ಣ 9/4 ಪಟ್ಟು. 1/3ರ 9/4 ಅಂದರೆ 3/4. ಹಾಗಾಗಿ 9, 12, 15ರ ತ್ರಿಭುಜದ ವಿಸ್ತೀರ್ಣ 54 ಚದರ ಸೆಂ.ಮೀ. ಇದ್ದರೆ, ನೀವು ಈಗ ಬರೆದ ಅಬಕದ ವಿಸ್ತೀರ್ಣ 72 ಚದರ ಸೆಂ.ಮೀ.